ಡಾಕ್ಟರಬಾಯಿಯ ಹುಡುಗಿ

ಧಾರವಾಡದ ಸಪ್ತಾಪುರದ ಒಂದು ಒಳರಸ್ತೆಯಲ್ಲಿ, ಕೋಚಿಂಗ್ ಕ್ಲಾಸುಗಳ ಬೋರ್ಡುಗಳ ನಡುವೆ ಸಿಕ್ಕಿಕೊಂಡಂತಿದ್ದ ಡಾಕ್ಟರ್ ಫ್ಲೋರೆನ್ಸ್ ಅವರ ದವಾಖಾನೆಗೆ ಎರಡು ಬಾಗಿಲು. ಮುಂದಿನ ಬಾಗಿಲಿನಿಂದ ಜ್ವರ ಹಿಡಿದ ವಿದ್ಯಾರ್ಥಿಗಳು, ಬಿ.ಪಿ. ನೋಡಿಸಿಕೊಳ್ಳುವ ನಿವೃತ್ತ ಮಾಸ್ತರರು ಬರುತ್ತಿದ್ದರು. ಹಿಂದಿನ ಬಾಗಿಲು ಓಣಿಯ ಕಡೆಗಿತ್ತು. ಅಲ್ಲಿಂದ ಬರುವವರ ಹೆಸರನ್ನು ಯಾರೂ ಕೂಗುತ್ತಿರಲಿಲ್ಲ. ನರ್ಸ್ ಜಾಯ್ಲಿನ್ ಕಣ್ಣಿನಲ್ಲೇ ಕರೆಯುತ್ತಿದ್ದಳು. ಕುಡಿತ ಬಿಡಲು ಬಂದವರು, ಬಿಟ್ಟು ಮತ್ತೆ ಹಿಡಿದವರು, ನೋವಿನ ಇಂಜೆಕ್ಷನ್ನಿನ ಚಟಕ್ಕೆ ಬಿದ್ದವರು, ಎಚ್‌ಐವಿ ಇದ್ದವರು. ವರ್ಷಗಳು ಕಳೆದಂತೆ ಮುಂದಿನ ಬಾಗಿಲಿನ ಮಂದಿ ಕಡಿಮೆಯಾಗಿ ಹಿಂದಿನ ಬಾಗಿಲಿನವರೇ ಹೆಚ್ಚಾಗಿದ್ದರು.

ಫ್ಲೋರೆನ್ಸ್ ಅವರಿಗೆ ಅರವತ್ತು ದಾಟಿತ್ತು. ಪ್ರತಿ ಭಾನುವಾರ ಚರ್ಚ್ ಮುಗಿಸಿ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿದ್ದ ತಮ್ಮ ನೇಥನ್‌ನ ಮನೆಗೆ ಊಟಕ್ಕೆ ಹೋದಾಗ ಅವನು ಅದೇ ಮಾತು ತೆಗೆಯುತ್ತಿದ್ದ. ಮೇಲಿನ ಖೋಲಿ ಖಾಲಿ ಇದೆ, ದವಾಖಾನೆ ಮುಚ್ಚಿ ಇಲ್ಲಿಗೇ ಬಂದುಬಿಡು ಎನ್ನುವುದು. ಈ ವರ್ಷ ಮುಗಿಯಲಿ ನೋಡೋಣ ಎಂದು ಇವರು ಹೇಳುತ್ತಿದ್ದರು. ಹಾಗೆ ಹೇಳುತ್ತ ಹೇಳುತ್ತ ವರ್ಷಗಳೇ ಮುಗಿದಿದ್ದವು.

ದಣಿವು ಮೈಯದ್ದಾಗಿದ್ದರೆ ಅದಕ್ಕೆ ಔಷಧಿ ಇತ್ತು. ಇದು ಬೇರೆ. ಎದುರಿಗೆ ಕುಳಿತವನು ಬಾಯಿ ತೆರೆಯುವ ಮೊದಲೇ ಅವನು ಹೇಳಲಿರುವ ಸುಳ್ಳು ಇವರಿಗೆ ಗೊತ್ತಾಗುತ್ತಿತ್ತು. ಮೊದಮೊದಲು ಅದಕ್ಕೆ ಸಿಟ್ಟು ಬರುತ್ತಿತ್ತು. ಆಮೇಲೆ ಮರುಕ ಬರುತ್ತಿತ್ತು. ಈಗ ಎರಡೂ ಇಲ್ಲ. ಎಷ್ಟು ಕುಡಿಯುತ್ತೀರಿ ಎಂದು ಕೇಳುವುದು, ಬಂದ ಉತ್ತರವನ್ನು ಮನಸ್ಸಿನಲ್ಲೇ ಎರಡುಪಟ್ಟು ಮಾಡಿಕೊಳ್ಳುವುದು, ಚೀಟಿ ಬರೆಯುವುದು.

ಇವರೇನೂ ಈ ರೋಗಗಳ ಡಾಕ್ಟರ್ ಆಗಬೇಕೆಂದು ಹೊರಟವರಲ್ಲ. ತಂದೆ ಮಿಶನ್ ಸಾಲಿಯ ಮಾಸ್ತರು, ತಾಯಿ ನರ್ಸ್. ಓದು ಮುಗಿಸಿ ದವಾಖಾನೆ ತೆರೆದಾಗ ಮಕ್ಕಳ ಕೆಮ್ಮು, ಬಾಣಂತಿಯರ ಜ್ವರ, ಮುದುಕರ ಮೊಣಕಾಲು ಇಷ್ಟೇ ಇತ್ತು. ಆಮೇಲೆ ಹೈವೇ ಕಡೆಯಿಂದ ಒಣಗಿದ ಕಟ್ಟಿಗೆಯಂತಾದ ಲಾರಿ ಡ್ರೈವರುಗಳು ಬರತೊಡಗಿದರು. ಬೇರೆ ಕಡೆ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಿದ್ದರು. ಫ್ಲೋರೆನ್ಸ್ ಕೈ ಹಿಡಿದು ನಾಡಿ ನೋಡಿದರು. ಆಗ ಅವರ ಹತ್ತಿರ ಕೊಡುವುದಕ್ಕೆ ಅದಕ್ಕಿಂತ ಹೆಚ್ಚಿನದು ಇರಲೂ ಇಲ್ಲ. ಆದರೆ ಒಬ್ಬ ಡ್ರೈವರ್ ಇನ್ನೊಬ್ಬನಿಗೆ ಹೇಳಿ, ಒಂದು ಢಾಬಾದಿಂದ ಇನ್ನೊಂದು ಢಾಬಾಕ್ಕೆ ಸುದ್ದಿ ಹೋಗಿ, ಅವರು ಈ ರೋಗದ ಡಾಕ್ಟರಬಾಯಿ ಆಗಿಬಿಟ್ಟರು. ಸರ್ಕಾರ ಎಚ್‌ಐವಿ ಗುಳಿಗೆ ಪುಕ್ಕಟೆ ಕೊಡಲು ಶುರು ಮಾಡಿದ ಮೇಲೆ ಅದನ್ನು ಕೊಡುವ ಒಂದು ಕೇಂದ್ರದಲ್ಲಿ ಬಹಳ ವರ್ಷ ಕೆಲಸ ಮಾಡಿದರು. ಕುಡಿಯುವವರು ಗುಳಿಗೆ ತಪ್ಪಿಸುತ್ತಾರೆ, ತಪ್ಪಿಸಿದವರು ಸಾಯುತ್ತಾರೆ; ಹಾಗಾಗಿ ಕುಡಿತ ಬಿಡಿಸುವುದನ್ನೂ ಕಲಿತರು. ಎರಡನೆಯದನ್ನು ಅವರಿಗೆ ಕಲಿಸಿದವನು ಹನುಮಪ್ಪ.

ಹನುಮಪ್ಪ ಉಪ್ಪಿನಬೆಟಗೇರಿಯ ಗೌಂಡಿ. ಅವನು ಕಟ್ಟಿದ ಗೋಡೆ ಗೆರೆ ಎಳೆದಂತೆ ಇರುತ್ತಿತ್ತು, ಕಟ್ಟಲು ಬಂದ ದಿನ ಮಾತ್ರ. ಉಳಿದ ದಿನ ಕುಡಿದು ಬಿದ್ದಿರುತ್ತಿದ್ದ. ಅವನ ತಂಗಿ ಶೇವಂತೆವ್ವನ ಗಂಡ ಲಾರಿ ಡ್ರೈವರ್. ಅವನು ಮೊದಲು ಹೋದ, ಹಿಂದೆಯೇ ಅವಳೂ ಹೋದಳು. ಉಳಿದದ್ದು ನಾಲ್ಕು ವರ್ಷದ ಕೂಸು, ಕರುಣಾ. ಹುಟ್ಟುವಾಗಲೇ ತಾಯಿಯಿಂದ ರೋಗ ಪಡೆದುಕೊಂಡು ಬಂದಿತ್ತು. ಹನುಮಪ್ಪ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಈ ದವಾಖಾನೆಗೆ ಬಂದಾಗ ಅವನ ಬಾಯಿಂದ ಸಾರಾಯಿ ವಾಸನೆ ಹೊಡೆಯುತ್ತಿತ್ತು. ಕೂಸಿನ ಕಾಲು ಅವನ ಎದೆಯ ಮೇಲೆ ಎರಡು ದಾರದಂತೆ ಜೋತಾಡುತ್ತಿದ್ದವು.

ಆ ದಿನ ಫ್ಲೋರೆನ್ಸ್ ಅವನಿಗೆ ಹೇಳಿದ್ದು ಇಷ್ಟು: "ಹನುಮಪ್ಪ, ನೀವು ಕುಡಿದ ದಿನ ಈ ಕೂಸಿಗೆ ಗುಳಿಗಿ ತಪ್ಪತೈತಿ. ತಪ್ಪಿದ್ರ ಕೂಸು ಉಳಿಯೂದಿಲ್ಲ. ಈಕಿ ಜೀವ ನಿಮ್ಮ ಕೈಯಾಗ ಐತ್ರಿ."

ಅವನು ದವಾಖಾನೆಯ ಹಿಂದಿನ ಖೋಲಿಯ ಮಂಚದ ಮೇಲೆ ನಡುಗಿ, ಬೆವತು, ಕಕ್ಕಿ, ಗೋಡೆಯ ಮೇಲೆ ಇಲ್ಲದ ಹಾವುಗಳನ್ನು ಕಂಡು ಅತ್ತು, ಎದ್ದು ಹೋದ. ಆಮೇಲೆ ಕುಡಿಯಲಿಲ್ಲ. ಮಕ್ಕಳ ಅಳತೆಯ ಗುಳಿಗೆ ಆಗಿನ್ನೂ ಬಂದಿರಲಿಲ್ಲ. ದೊಡ್ಡವರ ಗುಳಿಗೆಯನ್ನೇ ಬ್ಲೇಡಿನಿಂದ ತುಂಡು ಮಾಡುವುದನ್ನು ಫ್ಲೋರೆನ್ಸ್ ತೋರಿಸಿಕೊಟ್ಟರು. ಇಟ್ಟಿಗೆ ಒಡೆದು ಅಭ್ಯಾಸವಿದ್ದ ಆ ಕೈ ಅದನ್ನು ಚೊಕ್ಕವಾಗಿ ಕಲಿಯಿತು. ತುಂಡನ್ನು ಬೆಲ್ಲದ ಉಂಡೆಯೊಳಗೆ ಅಡಗಿಸಿ ಕೊಡುತ್ತಿದ್ದ. ಹುಡುಗಿ ಬೆಳೆದಳು. ಸಾಲಿಗೆ ಹೋದಳು, ಕಾಲೇಜು ಮುಗಿಸಿದಳು, ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತೇನೆಂದು ಸಪ್ತಾಪುರದಲ್ಲಿ ರೂಮು ಮಾಡಿದಳು. ದವಾಖಾನೆಯಿಂದ ನಡೆದು ಹೋಗುವಷ್ಟು ಹತ್ತಿರ. ಹಿಂಬಾಗಿಲಿನ ಮಂದಿಯಲ್ಲಿ ಎಷ್ಟೋ ಜನ ಸತ್ತಿದ್ದರು, ಎಷ್ಟೋ ಜನ ಕಾಣೆಯಾಗಿದ್ದರು. ಮಲಗಿದರೂ ನಿದ್ದೆ ಬಾರದಿದ್ದಾಗ ಫ್ಲೋರೆನ್ಸ್ ಈ ಇಬ್ಬರನ್ನು ನೆನೆಸಿಕೊಳ್ಳುತ್ತಿದ್ದರು.

ಶ್ರಾವಣದ ಒಂದು ಬೆಳಿಗ್ಗೆ ಹನುಮಪ್ಪ ಬಂದು ಎದುರಿಗೆ ಕುಳಿತ. ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಪಂಚಮಿಗೆ ಕರುಣಾ ಊರಿಗೆ ಬಂದಿದ್ದಳಂತೆ. ಉಂಡಿ ಮುಟ್ಟಲಿಲ್ಲ, ಜೋಕಾಲಿ ಆಡಲಿಲ್ಲ, ಮಾತೂ ಇಲ್ಲ.

"ಹುಡುಗಿ ಬತ್ತಿ ಹೋಗ್ಯಾಳ್ರಿ ಬಾಯಾರ," ಎಂದ. "ರಟ್ಟಿ ಹಿಡದು ನೋಡಿದ್ನಿ. ಶೇವಂತಿ ರಟ್ಟಿ ಹಿಡದಂಗಾತು."

ಇತ್ತೀಚೆಗೆ ಅವಳು ದವಾಖಾನೆಗೂ ಬಂದಿರಲಿಲ್ಲ ಎನ್ನುವುದು ಆಗ ಫ್ಲೋರೆನ್ಸ್‌ಗೆ ಹೊಳೆಯಿತು. ತಾವು ಕೇಂದ್ರ ಬಿಟ್ಟ ಮೇಲೆ ಅವಳ ಗುಳಿಗೆಯ ಲೆಕ್ಕ ತಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಓದಿನ ಗಡಿಬಿಡಿ ಇರಬೇಕು ಅಂದುಕೊಂಡಿದ್ದರು. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಹೋಗಿ ನೋಡುತ್ತೇನೆ ಎಂದು ಅವನನ್ನು ಕಳಿಸಿದರು.

ಮಧ್ಯಾಹ್ನ ಬಾಗಿಲು ಹಾಕಿ ಅವಳ ರೂಮಿಗೆ ನಡೆದರು. ಜೆರಾಕ್ಸ್ ಅಂಗಡಿಯ ಮೇಲೆ ಮೂರನೆಯ ಮಾಳಿಗೆ. ಮೊಣಕಾಲು ಹಿಡಿದುಕೊಂಡು ಹತ್ತಿದರು. ಜೊತೆಯ ಹುಡುಗಿಯರು ಲೈಬ್ರರಿಗೆ ಹೋಗಿದ್ದರು. ಗೋಡೆಯ ಮೇಲೆ ಭಾರತದ ನಕಾಶೆ, ಕೆಳಗೆ ಚಾಪೆ, ಚಾಪೆಯ ಮೇಲೆ ಕರುಣಾ. ಕಿಟಕಿ ಮುಚ್ಚಿದ ರೂಮಿನ ಸೆಕೆಯಲ್ಲೂ ಉದ್ದ ತೋಳಿನ ಸ್ವೆಟರ್ ಹಾಕಿದ್ದಳು. ಎದ್ದು ನೀರು ಕೊಟ್ಟಳು. ಅವಳು ಮಾತಾಡಿದಾಗ ಬಾಯೊಳಗೆ ಬಿಳಿಯ ಪೊರೆ ಕಟ್ಟಿದ್ದು ಕಂಡಿತು. ಗುಳಿಗೆ ಬಿಟ್ಟಿದ್ದಾಳೆಂದು ತಿಳಿಯಲು ಇನ್ನು ರಕ್ತ ತಪಾಸಣೆಯ ಅಗತ್ಯವಿರಲಿಲ್ಲ.

ಯಾವಾಗಿನಿಂದ ಬಿಟ್ಟೆ ಎಂದು ಕೇಳಿದರು. ಸಂಕ್ರಾಂತಿಗಿಂತ ಮೊದಲೇ ಎಂದಳು. ಯಾಕೆ ಎಂದು ಕೇಳಿದರು.

"ಬ್ಯಾಸರ ಆತ್ರಿ ಮೇಡಂ."

ಫ್ಲೋರೆನ್ಸ್ ಹೇಳಬೇಕಾದ್ದನ್ನೆಲ್ಲ ಹೇಳಿದರು. ಈಗ ದಿನಕ್ಕೆ ಒಂದೇ ಗುಳಿಗೆ, ಮೊದಲಿನ ಹಾಗೆ ಮುಷ್ಟಿ ತುಂಬ ಇಲ್ಲ, ತಪ್ಪದೆ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ ಕಾಣುವುದೇ ಇಲ್ಲ, ಇನ್ನೊಬ್ಬರಿಗೆ ಅಂಟುವುದೂ ಇಲ್ಲ, ಮದುವೆ ಆಗಬಹುದು, ಆರೋಗ್ಯವಂತ ಮಕ್ಕಳಾಗಬಹುದು, ಬಿಟ್ಟರೆ ಟಿ.ಬಿ. ಬರುತ್ತದೆ, ಮೆದುಳಿಗೆ ಹೋಗುತ್ತದೆ. ಹೇಳುತ್ತಿದ್ದಂತೆ ತಮ್ಮ ದನಿ ತಮಗೇ ಬಸ್‌ಸ್ಟ್ಯಾಂಡಿನ ಮೈಕಿನಂತೆ ಕೇಳಿಸಿತು. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಹೇಳುತ್ತಲೇ ಇರುತ್ತದೆ. ಅದಕ್ಕೆ ಹತ್ತುವವರ ಪರಿವೆ ಇಲ್ಲ.

ಕರುಣಾ ಕೇಳುತ್ತ ಚಾಪೆಯ ಕಡ್ಡಿ ಕೀಳುತ್ತಿದ್ದಳು. "ಇದೆಲ್ಲಾ ನನಗ ಬಾಯಿಪಾಠ ಐತ್ರಿ," ಎಂದಳು. ಜಗಳದ ದನಿ ಇರಲಿಲ್ಲ. ಸಂಜೆ ಟೆಸ್ಟ್ ಇದೆ, ಓದಬೇಕು ಎಂದಳು. ಫ್ಲೋರೆನ್ಸ್ ಕಂಬಿ ಹಿಡಿದು ಮೆಟ್ಟಿಲು ಇಳಿದರು.

ಮರುದಿನ ಹನುಮಪ್ಪ ಬಂದು ಕೇಳಿದ. ಅವಳು ಈಗ ದೊಡ್ಡವಳು, ಅವಳ ಸುದ್ದಿ ಅವಳೇ ಹೇಳಬೇಕು ಎಂದರು. ಇಷ್ಟು ವರ್ಷ ಎಲ್ಲವನ್ನೂ ಹೇಳಿದ ಡಾಕ್ಟರಬಾಯಿ ಇವತ್ತು ಹೀಗೆಂದರೆ ಅದರ ಅರ್ಥ ಅವನಿಗೆ ಆಗದೆ ಇರುತ್ತದೆಯೇ? ಎದ್ದವನೇ ಅವಳ ರೂಮಿನ ಕಡೆಗೆ ಹೋದ.

ಅಲ್ಲಿ ನಡೆದದ್ದು ಫ್ಲೋರೆನ್ಸ್‌ಗೆ ಆಮೇಲೆ ಗೊತ್ತಾಯಿತು. ಜೆರಾಕ್ಸ್ ಅಂಗಡಿಯ ಮುಂದೆ ನಿಂತು ಮಾವ ಸೊಸೆ ಮಾತಾಡಿದ್ದರು. ಗುಳಿಗೆ ಬಿಟ್ಟಿದ್ದೇನೆ ಎಂದು ಅವಳೇ ಹೇಳಿದಳು. ಅವನು ಅತ್ತ. ನಿನ್ನ ಸಲುವಾಗಿ ನಾನು ಕುಡಿಯೋದು ಬಿಟ್ಟೆನಲ್ಲವ್ವಾ ಎಂದ. ಅದಕ್ಕೆ ಅವಳು, ನನ್ನ ಸಲುವಾಗಿ ಬಿಟ್ಟಿದ್ದರೆ ಇವತ್ತಿನಿಂದ ಹಿಡಿ ಮಾಮಾ, ನಾನು ಬೇಡ ಅನ್ನುವುದಿಲ್ಲ ಎಂದುಬಿಟ್ಟಳು. ಅವನು ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಹೋಗಲಿಲ್ಲ. ದಾರಿಯಲ್ಲಿದ್ದ ಬಾರಿಗೆ ಹೋದ.

ಎರಡು ಮೂರು ವಾರ ಸುದ್ದಿಯೇ ಇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹಿಂಬಾಗಿಲಿಗೆ ಒಂದು ಟಂಟಂ ರಿಕ್ಷಾ ಬಂದು ನಿಂತಿತು. ಹನುಮಪ್ಪನ ಜೊತೆ ಕೆಲಸ ಮಾಡುವ ಹೊಳೆಯಪ್ಪ ಅವನನ್ನು ಬಗಲಲ್ಲಿ ಹಿಡಿದು ಇಳಿಸಿದ. ದಿನಾ ಕುಡಿದವನು ತಾನೇ ಒಮ್ಮೆಲೇ ನಿಲ್ಲಿಸಲು ಹೋಗಿ ಈ ಗತಿಯಾಗಿದೆ ಎಂದ. ಹನುಮಪ್ಪನ ಕೈ ಎರಡೂ ಜೋಳ ಬೀಸುವ ಹಾಗೆ ನಡುಗುತ್ತಿದ್ದವು. ಫ್ಲೋರೆನ್ಸ್‌ರನ್ನು ನೋಡಿ ಮುಖ ಗೋಡೆಗೆ ತಿರುಗಿಸಿದ.

ಫ್ಲೋರೆನ್ಸ್ ಅವನನ್ನು ಒಳಗೆ ಮಲಗಿಸಿದರು. ಅದೇ ಹಿಂದಿನ ಖೋಲಿ. ಮಂಚ ಮಾತ್ರ ಬೇರೆ. ನಾಡಿ ನೋಡಿದರು, ಸಲೈನ್ ಹಚ್ಚಿದರು, ವಿಟಮಿನ್ ಇಂಜೆಕ್ಷನ್, ನಡುಕ ಇಳಿಯುವ ಗುಳಿಗೆ. ಜ್ವರ ಏರಿದರೆ, ಫಿಟ್ಸ್ ಬಂದರೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗುತ್ತದೆ ಎಂದು ಜಾಯ್ಲಿನ್‌ಗೆ ಹೇಳಿದರು. ಕೈ ತನ್ನಷ್ಟಕ್ಕೆ ತಾನು ಕೆಲಸ ಮಾಡಿತು. ಆಮೇಲೆ ತಮ್ಮ ಕುರ್ಚಿಗೆ ಬಂದು ಕುಳಿತಾಗ ಮಾತ್ರ, ಮುಂದಿನ ರೋಗಿಯನ್ನು ಕಳಿಸಲೇ ಎಂದು ಜಾಯ್ಲಿನ್ ಕೇಳಿದ್ದು ಅವರಿಗೆ ಕೇಳಿಸಲಿಲ್ಲ. ಇವನೊಬ್ಬ ಉಳಿದಿದ್ದ ಎಂದುಕೊಳ್ಳುತ್ತಿದ್ದರು. ನೇಥನ್‌ಗೆ ಫೋನ್ ಮಾಡಿ, ಖೋಲಿ ತಯಾರು ಮಾಡು, ಬರುತ್ತೇನೆ ಎಂದು ಹೇಳಿಬಿಡಲೇ ಅನ್ನಿಸಿತು. ಫೋನ್ ಕೈಯಲ್ಲಿ ತೆಗೆದುಕೊಂಡೂ ಇದ್ದರು. ಅಷ್ಟರಲ್ಲಿ ಮುಂಬಾಗಿಲಿನಿಂದ ಒಬ್ಬ ತಾಯಿ, ಕಿವಿನೋವಿಗೆ ಚೀರುತ್ತಿದ್ದ ಮಗುವನ್ನು ಎತ್ತಿಕೊಂಡು ನೇರ ಒಳಗೆ ಬಂದಳು. ಫೋನ್ ಕೆಳಗಿಟ್ಟು ಮಗುವಿನ ಕಿವಿ ನೋಡಿದರು.

ಮಧ್ಯಾಹ್ನದ ಹೊತ್ತಿಗೆ ಕರುಣಾ ಬಂದಳು. ಹೊಳೆಯಪ್ಪ ಅವಳಿಗೆ ಫೋನ್ ಮಾಡಿದ್ದ. ಸ್ವೆಟರ್ ಹಾಕಿಕೊಂಡೇ ಬಂದಿದ್ದಳು. ನಾಲ್ಕು ಹೆಜ್ಜೆ ನಡೆದದ್ದಕ್ಕೆ ಏದುಸಿರು. ಹನುಮಪ್ಪ ಚಾದರದ ಮೇಲಿಂದ ಯಾರಿಗೂ ಕಾಣದ ಇರುವೆಗಳನ್ನು ಒಂದೊಂದಾಗಿ ಆರಿಸಿ ಕೆಳಗೆ ಬಿಡುತ್ತಿದ್ದ. ಅವಳನ್ನು ನೋಡಿದ. ಯಾರೆಂದು ತಿಳಿಯಲಿಲ್ಲ. ಅಥವಾ ಬೇರೆ ಯಾರೋ ಎಂದು ತಿಳಿದ.

"ಶೇವಂತಿ, ಕೂಸಿಗೆ ಗುಳಿಗಿ ಕೊಟ್ಟೇನವಾ," ಎಂದ. "ಬೆಲ್ಲದಾಗ ಇಟ್ಟ ಕೊಟ್ಟೇನಿ. ಉಗುಳಲಿಲ್ಲ. ನೀ ಮಕ್ಕೋ."

ಕರುಣಾ ಗೋಡೆಗೆ ಒರಗಿ ನಿಂತಳು. ಆಮೇಲೆ ಸ್ಟೂಲ್ ಎಳೆದುಕೊಂಡು ಅವನ ಕಾಲ ಹತ್ತಿರ ಕುಳಿತಳು. ಚಾದರದ ಮೇಲಿನ ಇರುವೆಗಳನ್ನು ತಾನೂ ಆರಿಸಿ ತೆಗೆಯುವವಳಂತೆ ಕೈಯಾಡಿಸತೊಡಗಿದಳು. ಅದರಿಂದ ಅವನಿಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು.

ಮರುದಿನ ಜ್ವರ ಏರಲಿಲ್ಲ. ನಡುಕ ಇಳಿಯಿತು, ನಿದ್ದೆ ಹತ್ತಿತು. ಕರುಣಾ ಜಾಯ್ಲಿನ್‌ಳ ಮನೆಯಲ್ಲಿ ಮಲಗಿ ಬೆಳಿಗ್ಗೆಯೇ ಬಂದಿದ್ದಳು. ಮಧ್ಯಾಹ್ನ ಬಾಗಿಲು ಹಾಕಿದ ಮೇಲೆ ಫ್ಲೋರೆನ್ಸ್ ತಮ್ಮ ಡಬ್ಬಿ ಬಿಚ್ಚಿ ಮೊಸರನ್ನವನ್ನು ಎರಡು ಪಾಲು ಮಾಡಿದರು. ಬಾಯಿ ಹುಣ್ಣಿಗೆ ಖಾರ ತಾಗಬಾರದೆಂದು ಉಪ್ಪಿನಕಾಯಿ ಇಡಲಿಲ್ಲ. ಇಬ್ಬರೂ ಹಿಂದಿನ ಪಡಸಾಲೆಯಲ್ಲಿ ಕುಳಿತು ಉಂಡರು. ಉಪದೇಶ ಮಾಡುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಹಾಗಾಗಿ ಸುಮ್ಮನಿದ್ದರು. ಸುಮ್ಮನಿದ್ದದ್ದಕ್ಕೇ ಇರಬೇಕು, ಹುಡುಗಿ ತಾನಾಗಿ ಮಾತಾಡಿದಳು.

ಕಳೆದ ಡಿಸೆಂಬರಿನಲ್ಲಿ ಒಂದು ಕಾಲೇಜಿನ ಸಭಾಂಗಣದಲ್ಲಿ ಏಡ್ಸ್ ದಿನದ ಕಾರ್ಯಕ್ರಮವಿತ್ತು. ಫ್ಲೋರೆನ್ಸ್ ಮಾತಾಡಿದ್ದರು. ಅದು ಅವರಿಗೆ ನೆನಪಿತ್ತು. ಕರುಣಾಳ ರೂಮಿನ ಹುಡುಗಿಯರು ಸರ್ಟಿಫಿಕೇಟ್ ಸಿಗುತ್ತದೆಂದು ಹೊರಟಿದ್ದರು. ಬರುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆಂದು ಇವಳೂ ಹೋಗಿದ್ದಳು. ಹಿಂದಿನ ಸಾಲಿನಲ್ಲಿ ಕುಳಿತಿದ್ದಳು.

"ನೀವು ಹೆಸರು ಹೇಳಲಿಲ್ರಿ," ಎಂದಳು ಕರುಣಾ. "ಒಂದು ಹಳ್ಳಿ ಕೂಸು ಅಂದ್ರಿ. ಕುಡುಕ ಮಾವ ಅಂದ್ರಿ. ಬ್ಲೇಡ್ ತಗೊಂಡು ಗುಳಿಗಿ ಕೊಯ್ಯೂದು, ಬೆಲ್ಲ, ಎಲ್ಲಾ ಹೇಳಿದ್ರಿ. ಆ ಕೂಸು ಇವತ್ತ ಡಿಗ್ರಿ ಮುಗಿಸೇತಿ ಅಂದ್ರಿ. ಮಂದಿ ಚಪ್ಪಾಳಿ ಹೊಡದ್ರು. ನನ್ನ ಬಾಜೂಕ ಕುಂತಾಕಿ ನಮ್ಮ ರೂಮಿನಾಕಿ, ಆಕಿ ಕಣ್ಣೀರ ಒರಸ್ಕೊಂಡ್ಲು. ನಾನೂ ಚಪ್ಪಾಳಿ ಹೊಡದ್ನಿ ಮೇಡಂ. ಹೊಡೀದಿದ್ರ ಗೊತ್ತಾಗತಿತ್ತಲ್ರಿ."

ಫ್ಲೋರೆನ್ಸ್ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟರು. ಆ ಚಪ್ಪಾಳೆ ಅವರಿಗೆ ನೆನಪಿತ್ತು. ಬಹಳ ದಿನಗಳ ಮೇಲೆ ಅವರಿಗೆ ಅಂದು ಮನಸ್ಸು ಹಗುರಾಗಿತ್ತು. ಮನೆಗೆ ಬಂದು ಚಹಾ ಕುಡಿಯುತ್ತ, ಇಷ್ಟು ವರ್ಷ ಮಾಡಿದ್ದಕ್ಕೆ ಒಂದು ಅರ್ಥ ಇದೆ ಅಂದುಕೊಂಡಿದ್ದರು.

ಕರುಣಾ ಮುಂದುವರಿಸಿದಳು. ರೂಮಿಗೆ ಬಂದು ಡಬ್ಬಿ ತೆಗೆದು ಗುಳಿಗೆ ಕೈಗೆ ಹಾಕಿಕೊಂಡಳಂತೆ, ನುಂಗಲು ಆಗಲಿಲ್ಲವಂತೆ. ಇದು ಮಾಮನ ಸಲುವಾಗಿ, ಇದು ಮೇಡಂ ಸಲುವಾಗಿ, ಇದು ಸಭೆಯಲ್ಲಿ ಅತ್ತ ಹುಡುಗಿಯ ಸಲುವಾಗಿ ಅನ್ನಿಸಿತಂತೆ. ತಾನು ಸತ್ತರೆ ಮಾಮಾ ಕುಡಿಯುತ್ತಾನೆ, ಮೇಡಂ ಅಳುತ್ತಾರೆ. ಹೀಗೆ ಎಲ್ಲರನ್ನೂ ಹೊತ್ತುಕೊಂಡು ದಿನಾ ಒಂದು ಗುಳಿಗೆ. ಒಂದು ದಿನ ಇಳಿಸಿ ನೋಡೋಣ ಎಂದು ಬಿಟ್ಟಳು. ಹಗುರೆನಿಸಿತು. ಇನ್ನೊಂದು ದಿನ ಬಿಟ್ಟಳು.

"ಸಾಯಬೇಕಂತ ಬಿಟ್ಟಿಲ್ರಿ," ಎಂದಳು. "ಯಾರದೂ ಅಲ್ಲದಾಕಿ ಆಗಿ ಇರಬೇಕಂತ ಬಿಟ್ಟೆ."

ಈಕಿ ಜೀವ ನಿಮ್ಮ ಕೈಯಾಗ ಐತಿ ಎಂದು ಹನುಮಪ್ಪನಿಗೆ ಹೇಳಿದ್ದು ಫ್ಲೋರೆನ್ಸ್ ಅವರ ಮನಸ್ಸಿನಲ್ಲಿ ಸುಳಿಯಿತು. ಅಂದು ಬೇರೆ ಏನು ಹೇಳಬಹುದಿತ್ತು? ಕೂಸು ಸಾಯುತ್ತಿತ್ತು. ಇವತ್ತು ಇನ್ನೊಬ್ಬ ಹನುಮಪ್ಪ ಇನ್ನೊಂದು ಕೂಸನ್ನು ಹೊತ್ತುಕೊಂಡು ಬಂದರೆ ಅದೇ ಮಾತನ್ನು ಹೇಳುತ್ತಿದ್ದರು. ಆದರೆ ಅದರ ಭಾರ ಇಷ್ಟು ವರ್ಷ ಯಾರ ತಲೆಯ ಮೇಲಿತ್ತು ಎನ್ನುವುದನ್ನು ಅವರು ಯಾವತ್ತೂ ತಿರುಗಿ ನೋಡಿರಲಿಲ್ಲ.

"ನನಗೂ ಬ್ಯಾಸರ ಆಗೇತಿ, ಕರುಣಾ," ಎಂದರು ಕೊನೆಗೆ. ಅವರ ದನಿಯಲ್ಲಿ ಬಸ್‌ಸ್ಟ್ಯಾಂಡಿನ ಮೈಕು ಇರಲಿಲ್ಲ. "ನಿನಗ ಏನು ಬೇಕು ಹೇಳು. ನನ್ನ ಸಲುವಾಗಿ ಏನೂ ಹೇಳಬ್ಯಾಡ."

ಅವಳು ಇದನ್ನು ಮೊದಲೇ ಯೋಚಿಸಿಟ್ಟಿದ್ದಳೋ ಅಥವಾ ಆ ಗಳಿಗೆಯಲ್ಲಿ ಹೊಳೆಯಿತೋ ಹೇಳುವುದು ಕಷ್ಟ. ಗುಳಿಗೆ ತೆಗೆದುಕೊಳ್ಳುತ್ತೇನೆ, ಆದರೆ ಇಲ್ಲಲ್ಲ ಎಂದಳು. ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಹೋಗುತ್ತೇನೆ. ಅಲ್ಲಿಯ ಕೇಂದ್ರಕ್ಕೆ ಹೆಸರು ವರ್ಗ ಮಾಡಿಸಿಕೊಳ್ಳುತ್ತೇನೆ. ತನ್ನನ್ನು ಕೂಸಾಗಿ ನೋಡದ ಯಾರೋ ಒಬ್ಬ ಡಾಕ್ಟರ್ ಇರಲಿ. ಮೇಡಂ ಅಲ್ಲಿಗೆ ಫೋನ್ ಮಾಡಿ ನಮ್ಮ ಹುಡುಗಿ ಬರುತ್ತಾಳೆ, ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳಬಾರದು. ತನ್ನ ವರದಿ ಕೇಳಬಾರದು. ಮತ್ತು ಆ ಕಥೆಯನ್ನು ಇನ್ನು ಯಾವ ಸಭೆಯಲ್ಲೂ ಹೇಳಬಾರದು.

ಒಂದೊಂದಕ್ಕೂ ಫ್ಲೋರೆನ್ಸ್ ಹೂಂ ಅಂದರು. ಫೋನ್ ಮಾಡಬಾರದು ಎಂದದ್ದಕ್ಕೆ ಮಾತ್ರ ಹೂಂ ಅನ್ನುವುದು ಸುಲಭವಾಗಿರಲಿಲ್ಲ. ಹುಬ್ಬಳ್ಳಿಯ ಯಾವ ಕೇಂದ್ರದಲ್ಲಿ ಯಾವ ಡಾಕ್ಟರ್ ಇದ್ದಾರೆ, ಯಾರು ಸಿಡುಕರು, ಯಾರು ತಾಳ್ಮೆಯವರು ಎಲ್ಲ ಅವರಿಗೆ ಗೊತ್ತಿತ್ತು. ನಾಲಗೆಯ ತುದಿಗೆ ಬಂದ ಹೆಸರನ್ನು ನುಂಗಿಕೊಂಡರು. ಬಾಯಿಯ ಪೊರೆಗೆ ಔಷಧಿ ಬರೆದುಕೊಟ್ಟರು, ಎದೆಯ ಎಕ್ಸ್‌ರೇ ಮಾಡಿಸಿಕೊಂಡೇ ಹೋಗಬೇಕು ಎಂದರು. ಅದಕ್ಕೆ ಅವಳು ಒಪ್ಪಿದಳು. ಎಕ್ಸ್‌ರೇಯಲ್ಲಿ ಟಿ.ಬಿ. ಇರಲಿಲ್ಲ. ಅಷ್ಟರ ಮಟ್ಟಿಗೆ ಪುಣ್ಯ.

ಹನುಮಪ್ಪ ಎಚ್ಚರಾಗಿ ನೆಟ್ಟಗೆ ಕುಳಿತಾಗ ಕರುಣಾ ಅವನಿಗೂ ಹೇಳಿದಳು. ಮಾಮಾ, ನನಗೆ ನಿನ್ನ ಮೇಲೆ ಸಿಟ್ಟಿಲ್ಲ, ಸ್ವಲ್ಪ ದಿನ ನಾನೊಬ್ಬಳೇ ಇರುತ್ತೇನೆ, ನೀನು ಬಂದು ಬಂದು ನೋಡಬೇಡ, ಯಾರ ಹತ್ತಿರವೂ ನನ್ನ ಸುದ್ದಿ ಕೇಳಬೇಡ ಎಂದಳು. ಅವನು ಆಗಲಿ ಎಂದ. ಅವನ ಕೂದಲು ಬಾಚಿ, ಅಂಗಿಯ ಗುಂಡಿ ಹಾಕಿದಳು. ನಡೆದು ಹೋಗುವಾಗ ಓಣಿಯ ತುದಿಯಲ್ಲಿ ಒಮ್ಮೆ ನಿಂತು ಉಸಿರು ತೆಗೆದುಕೊಂಡಳು, ತಿರುಗಿ ನೋಡಲಿಲ್ಲ.

ಹನುಮಪ್ಪ ಮಂಚದ ಅಂಚಿನಲ್ಲಿ ಕುಳಿತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. "ಹಂಗಾದ್ರ ಇನ್ನ ನಾ ಯಾರ ಸಲುವಾಗಿ ಬಿಡ್ಲಿ ಬಾಯಾರ?" ಎಂದು ಕೇಳಿದ.

ಇಂಥ ಪ್ರಶ್ನೆಗೆ ಹೇಳುವ ಉತ್ತರ ಫ್ಲೋರೆನ್ಸ್‌ಗೆ ಗೊತ್ತಿತ್ತು. ನಿಮ್ಮ ಸಲುವಾಗಿ ಎನ್ನಬೇಕು. ತರಬೇತಿಯಲ್ಲಿ ಅದನ್ನೇ ಹೇಳಿಕೊಡುತ್ತಾರೆ, ಇವರೂ ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದರು. ಆದರೆ ಆ ಮುಖ ನೋಡಿ ಹೇಳಲು ಆಗಲಿಲ್ಲ.

"ನನಗೂ ಗೊತ್ತಿಲ್ರಿ, ಹನುಮಪ್ಪ. ಗುರುವಾರ ಬರ್ರಿ," ಎಂದರು.

ಅವನು ಗುರುವಾರ ಬಂದ. ಅದರ ಮುಂದಿನ ಗುರುವಾರವೂ ಬಂದ. ದೀಪಾವಳಿ ಹೊತ್ತಿಗೆ ಮತ್ತೆ ಒಂದು ಸಲ ಕುಡಿದ. ಮರುದಿನ ತಾನೇ ಬಂದು ಸುಳ್ಳು ಹೇಳದೆ ಇಷ್ಟು ಕುಡಿದೆ ಎಂದ. ಫ್ಲೋರೆನ್ಸ್ ಅಂದು ಲೆಕ್ಕವನ್ನು ಎರಡುಪಟ್ಟು ಮಾಡಲಿಲ್ಲ. ಹಿಂಬಾಗಿಲಿಗೆ ಬರುತ್ತಿದ್ದ ಇನ್ನೊಬ್ಬ ಕುಡುಕ, ಸಿದ್ಧಾರೂಢ ಎನ್ನುವ ಲೈನ್‌ಮನ್, ಅದೇ ದಿನ ನಡುಗುತ್ತ ಬಂದಿದ್ದ. ಹನುಮಪ್ಪ ತನ್ನ ಚಹಾದ ಕಪ್ಪನ್ನು ಅವನ ಬಾಯಿಗೆ ಹಿಡಿದ. ಅದು ಯಾರ ಸಲುವಾಗಿ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಫ್ಲೋರೆನ್ಸ್ ಸಂಜೆಯ ದವಾಖಾನೆ ನಿಲ್ಲಿಸಿದರು. ಬೆಳಗಿನದು ಮಾತ್ರ ಉಳಿಸಿಕೊಂಡರು. ಡಿಸೆಂಬರಿನಲ್ಲಿ ಕಾಲೇಜಿನವರು ಮತ್ತೆ ಭಾಷಣಕ್ಕೆ ಕರೆದಾಗ ಹೋದರು. ಗುಳಿಗೆ, ತಪಾಸಣೆ, ಕಾನೂನು ಇಷ್ಟನ್ನೇ ಹೇಳಿದರು. ಹುಡುಗರು ಫೋನ್ ನೋಡುತ್ತಿದ್ದರು. ಮುಗಿದಾಗ ಚಪ್ಪಾಳೆ ಶಿಷ್ಟಾಚಾರಕ್ಕೆ ಬೇಕಾದಷ್ಟೇ ಬಿತ್ತು.

ಕರುಣಾಳ ಸುದ್ದಿ ಕೇಳಲಿಲ್ಲ. ಕೇಳಬೇಕೆನ್ನಿಸಿದಾಗಲೆಲ್ಲ ಕೈ ಫೋನಿನ ಕಡೆಗೆ ಹೋಗುತ್ತಿತ್ತು. ಹಳೆಯ ಸಹೋದ್ಯೋಗಿಯೊಬ್ಬರು ಎದುರಾದಾಗ ಮಾತನ್ನು ತಾವೇ ಬೇರೆ ಕಡೆಗೆ ತಿರುಗಿಸಿದರು. ಕುಡಿತ ಬಿಟ್ಟವರು ಮೊದಲ ತಿಂಗಳುಗಳಲ್ಲಿ ಹೇಗಿರುತ್ತಾರೆಂದು ಅವರಿಗೆ ಪುಸ್ತಕದಿಂದ ಗೊತ್ತಿತ್ತು. ಈಗ ಸ್ವಲ್ಪ ಮೈಯಿಂದಲೂ ಗೊತ್ತಾಯಿತು.

ಸಂಜೆಯ ದವಾಖಾನೆ ಇಲ್ಲದ್ದರಿಂದ ಈಗ ಕೆಲವೊಮ್ಮೆ ಶನಿವಾರವೇ ಹುಬ್ಬಳ್ಳಿಗೆ ಹೊರಡುತ್ತಿದ್ದರು. ಮಾರ್ಚಿನ ಅಂಥ ಒಂದು ಸಂಜೆ ನೇಥನ್‌ನ ಮನೆಗೆ ಹೋಗುತ್ತಿದ್ದಾಗ ದೇಶಪಾಂಡೆ ನಗರದ ರಸ್ತೆಯಲ್ಲಿ ಒಂದು ಗಾಡಿಯ ಮುಂದೆ ಮೂರು ಹುಡುಗಿಯರು ನಿಂತು ಗಿರಮಿಟ್ ತಿನ್ನುತ್ತಿದ್ದರು. ಮೂವರ ಕೊರಳಲ್ಲೂ ಯಾವುದೋ ಆಫೀಸಿನ ಗುರುತಿನ ಚೀಟಿ ಇತ್ತು. ಅವರಲ್ಲಿ ಒಬ್ಬಳು ಕರುಣಾ. ಫ್ಲೋರೆನ್ಸ್ ದಾಟಿ ಹೋಗಬೇಕೆಂದಿದ್ದರು. ಆದರೆ ಅವಳೇ ನೋಡಿದಳು.

"ಆರಾಮ ಅದೀರಿ ಮೇಡಂ?" ಎಂದಳು. ಜೊತೆಯವರ ಕಡೆ ತಿರುಗಿ, ಧಾರವಾಡದಲ್ಲಿ ನಮ್ಮ ರೂಮಿನ ಹತ್ತಿರ ಇವರ ದವಾಖಾನೆ ಇತ್ತು ಎಂದಳು. ಅವರು ನಮಸ್ಕಾರ ಮಾಡಿದರು.

"ಅದೇನಿ. ನೀ?" ಎಂದರು ಫ್ಲೋರೆನ್ಸ್.

"ಆರಾಮ್ರಿ."

ಇಷ್ಟೇ ಮಾತು. ಅವಳು ಮತ್ತೆ ತಟ್ಟೆಯ ಕಡೆ ತಿರುಗಿ, ಹಸಿಮೆಣಸಿನಕಾಯಿಯನ್ನು ಕಚ್ಚಿಕೊಂಡಳು. ಜೊತೆಯವಳು ಏನೋ ಹೇಳಿದ್ದಕ್ಕೆ ಬಾಯಿ ತುಂಬ ನಕ್ಕಳು. ನಲವತ್ತು ವರ್ಷ ರೋಗಿಗಳನ್ನು ನೋಡಿದ ಕಣ್ಣು ಕೇಳದೆಯೇ ಕೆಲಸ ಮಾಡಿತು. ಬಾಯಿ ಸ್ವಚ್ಛ ಇದೆ, ಹುಣ್ಣಿದ್ದರೆ ಆ ಮೆಣಸಿನಕಾಯಿ ಕಚ್ಚಲು ಆಗುತ್ತಿರಲಿಲ್ಲ. ಕೆನ್ನೆ ತುಂಬಿದೆ. ಅರ್ಧ ತೋಳಿನ ಕುರ್ತಾ ಹಾಕಿದ್ದಾಳೆ, ರಟ್ಟೆಯಲ್ಲಿ ಮಾಂಸ ಬಂದಿದೆ. ನಿಂತೇ ಇದ್ದಾಳೆ, ಒರಗಿಲ್ಲ.

ನೇಥನ್‌ನ ಮನೆ ತಲುಪಿದಾಗ ಅವನ ಹೆಂಡತಿ ಬೀನಾ ಬಾಗಿಲು ತೆಗೆದು, ಏನು ಅಕ್ಕಾ ಇಷ್ಟು ದಣಿದೀರಿ ಎಂದು ಕೇಳಿದಳು. ಹೌದು, ದಣಿದೇನಿ ಎಂದು ಫ್ಲೋರೆನ್ಸ್ ಸೋಫಾದ ಮೇಲೆ ಕಾಲು ಚಾಚಿ ಕುಳಿತರು. ಬೀನಾ ಚಹಾ ತರುವಷ್ಟರಲ್ಲಿ ಅಲ್ಲೇ ನಿದ್ದೆ ಹತ್ತಿತ್ತು.

ಗುರುವಾರ ಹನುಮಪ್ಪ ಬಂದ. ಸುಣ್ಣದ ಕಲೆಯ ಅಂಗಿ, ಕೆಲಸದಿಂದ ನೇರ ಬಂದಿದ್ದ. ಬಿ.ಪಿ. ನೋಡಿಸಿಕೊಂಡ. ಅವಳ ಸುದ್ದಿ ಕೇಳಬಾರದೆಂದು ಮಾತು ಕೊಟ್ಟಿದ್ದರಿಂದ ಕೇಳಲಿಲ್ಲ, ಹೊರಡಲೂ ಇಲ್ಲ. ಪ್ರತಿ ವಾರದಂತೆ ಕುರ್ಚಿಯ ಕೈ ಸವರುತ್ತ ಕುಳಿತ. ರಸ್ತೆಯ ಮೇಲೆ ಕಂಡದ್ದು ದವಾಖಾನೆಯ ಗುಟ್ಟಲ್ಲ ಎಂದು ಫ್ಲೋರೆನ್ಸ್ ತಮಗೆ ತಾವೇ ಹೇಳಿಕೊಂಡರು.

"ಹುಬ್ಬಳ್ಳ್ಯಾಗ ಕಂಡಿದ್ಲು. ಗೆಳತ್ಯಾರ ಜೋಡಿ ಗಿರಮಿಟ್ ತಿನ್ನಾಕತ್ತಿದ್ಲು," ಎಂದರು. ಬಿ.ಪಿ. ಪಟ್ಟಿ ಸುತ್ತಿಡುತ್ತ ಸೇರಿಸಿದರು, "ದಪ್ಪ ಆಗ್ಯಾಳ."

ಹನುಮಪ್ಪ ತಲೆ ತಗ್ಗಿಸಿದ. ಅವನ ಬೆನ್ನು ಅಲುಗುತ್ತಿರುವುದನ್ನು ನೋಡಿ ಜಾಯ್ಲಿನ್ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅವನು ಟವೆಲಿನಿಂದ ಮುಖ ಒರೆಸಿಕೊಂಡು ಎದ್ದ. ಹಿಂದಿನ ಖೋಲಿಯ ಗೋಡೆಯಲ್ಲಿ ಬಿರುಕು ಬಿಟ್ಟಿದೆ, ಮಳೆಗಾಲಕ್ಕೆ ಮುಂಚೆ ತುಂಬಬೇಕು, ಬರುವ ವಾರ ಕರಣಿ ತರುತ್ತೇನೆ ಎಂದು ಹೇಳಿ ಹೋದ.